ವಾಪಸ್ ಹೋಗುವ ತಟ್ಟೆ: ಆಸ್ಪತ್ರೆಯಲ್ಲಿ ರೋಗಿ ಸೊರಗದಂತೆ ನೋಡಿಕೊಳ್ಳುವುದು ಹೇಗೆ?

ಮಧ್ಯಾಹ್ನ ಒಂದೂವರೆ ಗಂಟೆಗೆ ಯಾವುದಾದರೂ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿ. ಊಟದ ಗಾಡಿ ವಾಪಸ್ ಹೊರಟಿರುತ್ತದೆ. ಎಷ್ಟೋ ತಟ್ಟೆಗಳಲ್ಲಿ ಅನ್ನ ಅರ್ಧಕ್ಕರ್ಧ ಹಾಗೇ ಉಳಿದಿರುತ್ತದೆ. ಬಿಪಿ ಎಷ್ಟು, ಜ್ವರ ಎಷ್ಟು, ಮೂತ್ರ ಎಷ್ಟು ಹೋಯಿತು, ಎಲ್ಲಾ ಕೇಸ್ ಶೀಟಿನಲ್ಲಿದೆ. ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಬರೆದವರು ಯಾರೂ ಇಲ್ಲ.

ಇದು ಹೊಸ ದೂರೇನೂ ಅಲ್ಲ. 1974ರಲ್ಲೇ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಇದನ್ನು ಬರೆದಿದ್ದರು. ರೋಗಿಯ ಎತ್ತರ, ತೂಕ ಬರೆಯುವುದಿಲ್ಲ, ದಿನಗಟ್ಟಲೆ ಬರೀ ಗ್ಲೂಕೋಸ್ ಡ್ರಿಪ್ ಮೇಲೆ ಇಡುತ್ತಾರೆ, ಟೆಸ್ಟಿಗಾಗಿ ಊಟ ತಪ್ಪಿಸುತ್ತಾರೆ, ಜವಾಬ್ದಾರಿ ಯಾರದ್ದು ಅನ್ನೋದೇ ಗೊತ್ತಿಲ್ಲ ಎಂದಿದ್ದರು. ಐವತ್ತು ವರ್ಷವಾಯಿತು. ನಮ್ಮ ವಾರ್ಡುಗಳಿಗೆ ಆ ಪಟ್ಟಿಯನ್ನು ಇವತ್ತೂ ಹಾಗೇ ಅಂಟಿಸಬಹುದು. ಆಸ್ಪತ್ರೆಗೆ ಸೇರಿದ ದೊಡ್ಡವರಲ್ಲಿ ಶೇ 20ರಿಂದ 50ರಷ್ಟು ಮಂದಿಗೆ ಅಪೌಷ್ಟಿಕತೆ ಇರುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಲೇ ಬಂದಿವೆ.

ಸರಿ ಮಾಡಿದರೆ ಪ್ರಯೋಜನ ಇದೆಯಾ? ಇದೆ. ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2019ರಲ್ಲಿ ಬಂತು. ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಊಟ. ಇನ್ನೊಂದು ಗುಂಪಿಗೆ ಒಬ್ಬೊಬ್ಬರಿಗೂ ಲೆಕ್ಕ ಹಾಕಿದ ಊಟ. 30 ದಿನದೊಳಗೆ ಮೊದಲ ಗುಂಪಿನಲ್ಲಿ ಶೇ 10 ಮಂದಿ ತೀರಿಕೊಂಡಿದ್ದರು, ಎರಡನೆಯದರಲ್ಲಿ ಶೇ 7. ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಅದರ ಹೆಸರು ಎಲ್ಲರ ಬಾಯಲ್ಲೂ ಇರುತ್ತಿತ್ತು, ಅಲ್ವಾ?

ನಾನು ಡಯಟಿಷಿಯನ್ ಆಗಿ ವಾರ್ಡುಗಳಲ್ಲಿ ಓಡಾಡಿದವಳು. ಇಲ್ಲಿರುವುದು ದೊಡ್ಡವರ ವಾರ್ಡಿಗೆ ಸಂಬಂಧಪಟ್ಟದ್ದು. ಮಕ್ಕಳ ತೀವ್ರ ಅಪೌಷ್ಟಿಕತೆಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ, ಅಲ್ಲಿನ ವಿಧಾನವೇ ಬೇರೆ. ಸಿಸ್ಟರ್‌ಗಳು, ಡಯಟಿಷಿಯನ್‌ಗಳು, ರೋಗಿಯ ಪಕ್ಕ ಕೂತಿರುವ ಮನೆಯವರು, ಮೂವರಿಗೂ ಇದರಲ್ಲಿ ಕೆಲಸ ಇದೆ.

ಹೆಜ್ಜೆ 1: ಮೊದಲ 24 ಗಂಟೆಯೊಳಗೆ ತೂಕ ಬರೆಯಿರಿ

ನಾನು ಕೆಲಸಕ್ಕೆ ಸೇರಿದ ಒಂದು ಕಡೆ ವಾರ್ಡಿನ ತೂಕದ ಯಂತ್ರ ಸ್ಟೋರ್ ರೂಮಿನಲ್ಲಿ ಬೀಗದೊಳಗಿತ್ತು. ಕೇಸ್ ಶೀಟಿನಲ್ಲಿ ಮಾತ್ರ ಎಲ್ಲರ ತೂಕವೂ ಇತ್ತು. 50, 60, 55. ಎಲ್ಲಾ ಕಣ್ಣಳತೆ! ಹಾಗಾಗಿ ಮೊದಲ ಕೆಲಸ ಯಂತ್ರವನ್ನು ಹೊರಗೆ ತಂದು, ಸಿಸ್ಟರ್ ಮೇಜಿನ ಪಕ್ಕದಲ್ಲೇ ಇಡುವುದು.

ತೂಕದ ಜೊತೆ ಎತ್ತರವೂ ಬೇಕು. ಎದ್ದು ನಿಲ್ಲಲಾಗದವರಿಗೆ ಎಡ ಮೇಲ್ತೋಳಿನ ಮಧ್ಯದಲ್ಲಿ ಟೇಪ್ ಸುತ್ತಿ. ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 20ಕ್ಕಿಂತ ಕೆಳಗಿರುವ ಸಾಧ್ಯತೆ ಜಾಸ್ತಿ.

"ಮೊದಲು ಎಷ್ಟು ಕೆಜಿ ಇದ್ರಿ?" ಎಂದು ಕೇಳಿದರೆ ಹಳ್ಳಿಯಿಂದ ಬಂದ ಹಿರಿಯರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪ್ರಶ್ನೆ ಬದಲಿಸಿ. "ಅಜ್ಜಿ, ರವಿಕೆ ಸಡಿಲ ಆಗಿದೆಯಾ? ಬಳೆ ಜಾರಿ ಬರ್ತಿದೆಯಾ?" "ಯಜಮಾನ್ರೇ, ಬೆಲ್ಟು ಎಷ್ಟನೇ ತೂತಿಗೆ ಬಂದಿದೆ?" ಇದಕ್ಕೆ ತಟ್ಟನೆ ಉತ್ತರ ಬರುತ್ತದೆ. ಆಧಾರ್ ಕಾರ್ಡಿನ ಫೋಟೋ ನೋಡಿ ಮುಖ ಹೋಲಿಸಿದರೂ ಎಷ್ಟೋ ತಿಳಿಯುತ್ತದೆ.

ಒಂದು ಮೋಸ ಇದೆ. ಲಿವರ್, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಕಾಲು, ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ಯಂತ್ರ 60 ತೋರಿಸುತ್ತದೆ, ತೋಳು ನೋಡಿದರೆ ಕಡ್ಡಿ. ಇಂಥವರಲ್ಲಿ ತೋಳಿನ ಅಳತೆಯನ್ನೇ ನಂಬಿ. ದಪ್ಪಗಿರುವವರನ್ನೂ ಬಿಡಬೇಡಿ. 90 ಕೆಜಿಯವರು ಎರಡು ತಿಂಗಳಲ್ಲಿ 78ಕ್ಕೆ ಇಳಿದಿದ್ದರೆ ನೋಡಲು ಚೆನ್ನಾಗಿಯೇ ಇರುತ್ತಾರೆ, ಒಳಗೆ ಮಾಂಸಖಂಡ ಕರಗಿರುತ್ತದೆ.

ಹೆಜ್ಜೆ 2: ಮೂರು ಪ್ರಶ್ನೆ, ಒಂದು ಅಂಕ

ರೋಗಿಗಳ ಪೌಷ್ಟಿಕತೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ಬ್ಯಾಪೆನ್ ಸಂಸ್ಥೆ 2003ರಲ್ಲಿ ತಂದ 'ಮಸ್ಟ್' ಎಂಬ ಸಣ್ಣ ಪರೀಕ್ಷೆ ಇದೆ. ಐದು ನಿಮಿಷದ ಕೆಲಸ.

- ಬಿಎಂಐ 20ಕ್ಕಿಂತ ಜಾಸ್ತಿ ಇದ್ದರೆ 0. 18.5ರಿಂದ 20 ಇದ್ದರೆ 1. 18.5ಕ್ಕಿಂತ ಕಡಿಮೆ ಇದ್ದರೆ 2.
- ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಇಳಿದ ತೂಕ ಶೇ 5ಕ್ಕಿಂತ ಕಡಿಮೆ ಆದರೆ 0. ಶೇ 5ರಿಂದ 10 ಆದರೆ 1. ಅದಕ್ಕಿಂತ ಜಾಸ್ತಿ ಆದರೆ 2.
- ಕಾಯಿಲೆ ಜೋರಾಗಿದ್ದು ಐದು ದಿನಕ್ಕಿಂತ ಹೆಚ್ಚು ಏನೂ ತಿಂದಿಲ್ಲ, ಅಥವಾ ಮುಂದೆ ಅಷ್ಟು ದಿನ ತಿನ್ನಲು ಆಗುವುದಿಲ್ಲ ಅಂದರೆ 2.

ಕೂಡಿಸಿ. 0 ಬಂದರೆ ವಾರ ಬಿಟ್ಟು ಮತ್ತೆ ನೋಡಿ. 1 ಬಂದರೆ ಮೂರು ದಿನ ಏನು ತಿಂದರು ಎಂದು ಬರೆದಿಡಿ. 2 ಅಥವಾ ಹೆಚ್ಚು ಬಂದರೆ ಅವತ್ತೇ ಡಯಟಿಷಿಯನ್‌ಗೆ ಹೇಳಿ ಕಳಿಸಿ.

ಒಬ್ಬ ತಾಯಿಯ ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 58, ಎತ್ತರ 152 ಸೆಂಟಿಮೀಟರ್. ಮೂರು ತಿಂಗಳ ಹಿಂದೆ 46 ಕೆಜಿ, ಈಗ 41. ಬಿಎಂಐ 17.7, ಅದಕ್ಕೆ 2 ಅಂಕ. ಇಳಿದ ತೂಕ ಸುಮಾರು ಶೇ 11, ಅದಕ್ಕೆ ಇನ್ನೆರಡು. ಒಟ್ಟು 4. "ಹಿಂದಿನಿಂದಲೂ ಸಣ್ಣ ಮೈ, ವಯಸ್ಸಾಯ್ತಲ್ಲ" ಎಂದು ಮನೆಯವರು ಹೇಳುವುದು ಇಂಥವರ ಬಗ್ಗೆಯೇ.

ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ನೋಡಿ ಪೌಷ್ಟಿಕತೆ ಅಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಸೋಂಕು, ಉರಿಯೂತ ಇದ್ದರೆ ಚೆನ್ನಾಗಿ ಉಂಡವರಿಗೂ ಆಲ್ಬುಮಿನ್ ಇಳಿಯುತ್ತದೆ. ಅದನ್ನು ನಂಬಿ ಕೂರಬೇಡಿ.

ಹೆಜ್ಜೆ 3: ಎಷ್ಟು ಬೇಕು, ಎಷ್ಟು ಹೋಗುತ್ತಿದೆ?

ಹೆಚ್ಚಿನ ರೋಗಿಗಳಿಗೆ ದಿನಕ್ಕೆ ಕೆಜಿಗೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ನಮ್ಮ 41 ಕೆಜಿ ತಾಯಿಗೆ 1,025ರಿಂದ 1,230 ಕ್ಯಾಲೊರಿ, 50ರಿಂದ 60 ಗ್ರಾಂ ಪ್ರೋಟೀನ್ ಆಯಿತು.

ಈಗ ಅವರು ತಿನ್ನುತ್ತಿರುವುದನ್ನು ಬರೆಯಿರಿ. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಅರ್ಧ ಲೋಟ ಕಾಫಿ. ಮಧ್ಯಾಹ್ನ, ರಾತ್ರಿ ಎರಡೆರಡು ಮುಷ್ಟಿ ಅನ್ನ, ಮೇಲೆ ತಿಳಿಸಾರು. ಒಟ್ಟು 600 ಕ್ಯಾಲೊರಿ, 15 ಗ್ರಾಂ ಪ್ರೋಟೀನ್ ಆಸುಪಾಸು. ಬೇಕಾದ ಪ್ರೋಟೀನಿನಲ್ಲಿ ಮೂರನೇ ಒಂದು ಪಾಲೂ ಇಲ್ಲ.

"ಗ್ಲೂಕೋಸ್ ಏರಿಸ್ತಿದಾರಲ್ಲ, ಅದರಲ್ಲೇ ಶಕ್ತಿ ಬರುತ್ತೆ" ಎನ್ನುವ ಮಾತು ಪ್ರತಿ ವಾರ್ಡಿನಲ್ಲೂ ಇದೆ. ಲೆಕ್ಕ ನೋಡಿ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ. ಅಂದರೆ ನೂರು ಕ್ಯಾಲೊರಿಗಿಂತಲೂ ಕಡಿಮೆ. ಪ್ರೋಟೀನ್ ಸೊನ್ನೆ. ಎರಡು ಇಡ್ಲಿ ಅದಕ್ಕಿಂತ ಮೇಲು. ಇದನ್ನು ಮನೆಯವರಿಗೆ ಬಿಡಿಸಿ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಡ್ರಿಪ್ ಇದೆ ಎಂಬ ಧೈರ್ಯದಲ್ಲಿ ಅವರು ಊಟಕ್ಕೆ ಒತ್ತಾಯ ಮಾಡುವುದನ್ನೇ ಬಿಟ್ಟಿರುತ್ತಾರೆ.

ಹೆಜ್ಜೆ 4: ಅವಸರ ಬೇಡ, ಮೊದಲು ಅಪಾಯ ನೋಡಿ

ಇದನ್ನು ದಾಟಿ ಮುಂದಿನ ಹೆಜ್ಜೆಗೆ ಹೋಗಬೇಡಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ತುಂಬಿದರೆ ಜೀವಕ್ಕೇ ಕುತ್ತು ಬರಬಹುದು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಕೆಲವರು ಹೊಟ್ಟೆ ತುಂಬ ಉಂಡ ಮೇಲೆ ಸತ್ತರು. ಹಿಟ್ಟು, ಸಕ್ಕರೆ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ದಿಢೀರ್ ಕುಸಿದಾಗ ಹೃದಯದ ಬಡಿತ, ಉಸಿರಾಟ ಹದ ತಪ್ಪುತ್ತವೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎಂದು ಹೆಸರು.

ಯಾರಿಗೆ ಅಪಾಯ? ಬಿಎಂಐ 16ಕ್ಕಿಂತ ಕಡಿಮೆ ಇರುವವರು, ಶೇ 15ಕ್ಕಿಂತ ಹೆಚ್ಚು ತೂಕ ಕಳೆದುಕೊಂಡವರು, ಹತ್ತು ದಿನಕ್ಕಿಂತ ಹೆಚ್ಚು ಹೆಚ್ಚುಕಡಿಮೆ ಏನೂ ತಿನ್ನದವರು, ಊಟ ಶುರುವಾಗುವ ಮೊದಲೇ ಈ ಲವಣಗಳು ಕಡಿಮೆ ಇರುವವರು. ಇವುಗಳಲ್ಲಿ ಒಂದಿದ್ದರೂ ಸಾಕು. ಇನ್ನೊಂದು ಪಟ್ಟಿಯಲ್ಲಿ ಎರಡು ಸೇರಬೇಕು: ಬಿಎಂಐ 18.5ಕ್ಕಿಂತ ಕಡಿಮೆ, ತೂಕ ಇಳಿದದ್ದು ಶೇ 10ಕ್ಕಿಂತ ಜಾಸ್ತಿ, ಐದು ದಿನಕ್ಕಿಂತ ಹೆಚ್ಚು ಊಟ ಇಲ್ಲ, ಕುಡಿತದ ಚಟ. ನಮ್ಮ ತಾಯಿಯ ಅಂಕಿ ಮತ್ತೆ ನೋಡಿ. 17.7 ಮತ್ತು ಶೇ 11. ಅವರೂ ಈ ಪಟ್ಟಿಯಲ್ಲಿದ್ದಾರೆ. ಸುಮ್ನೆ ನೋಡಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಇಂಥವರಿಗೆ ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಸಾಮಾನ್ಯವಾಗಿ ಮೊದಲ ದಿನ ಕೆಜಿಗೆ 10ರಿಂದ 20 ಕ್ಯಾಲೊರಿ ಮಾತ್ರ. ಅಂದರೆ ಈ ತಾಯಿಗೆ 410ರಿಂದ 820. ನಾಲ್ಕರಿಂದ ಏಳು ದಿನದಲ್ಲಿ ನಿಧಾನಕ್ಕೆ ಪೂರ್ತಿಗೆ ತರಬೇಕು. ತೀರಾ ಸೊರಗಿದವರಿಗೆ ಇನ್ನೂ ಕಡಿಮೆಯಿಂದ ಶುರು. ಊಟಕ್ಕೆ ಮೊದಲೇ ಥಯಮಿನ್ (ವಿಟಮಿನ್ ಬಿ1) ಕೊಡಿಸಿ. ಕುಡಿತ ಇರುವವರಿಗಂತೂ ಇದು ತಪ್ಪಲೇಬಾರದು. ಮೊದಲ ಮೂರು ದಿನ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ದಿನಾ ನೋಡಬೇಕು. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಫಾಸ್ಫೇಟ್ ಬರುವುದಿಲ್ಲ, ಬೇರೆಯಾಗಿ ಕೇಳಬೇಕು. ಹೊಸದಾಗಿ ಕಾಲು ಊದಿದರೆ, ಏದುಸಿರು ಬಂದರೆ, ಎದೆ ಬಡಿತ ಏರಿದರೆ, ಮಾತು ತಡವರಿಸಿದರೆ ತಕ್ಷಣ ಡಾಕ್ಟರನ್ನು ಕರೆಯಿರಿ.

ಹೆಜ್ಜೆ 5: ತಟ್ಟೆ ಚಿಕ್ಕದು, ಒಳಗಿನದ್ದು ಜಾಸ್ತಿ

ಹಸಿವಿಲ್ಲದವರ ಮುಂದೆ ದೊಡ್ಡ ತಟ್ಟೆ ಇಟ್ಟರೆ ಅವರಿಗೆ ನೋಡಿಯೇ ಸಾಕಾಗುತ್ತದೆ. ಪ್ರಮಾಣ ಹೆಚ್ಚಿಸದೆ ಸತ್ವ ಹೆಚ್ಚಿಸಬೇಕು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ.

ಆ ತಾಯಿಗೆ ನಿಧಾನಕ್ಕೆ ಏನೇನು ಸೇರಿಸಬಹುದು? ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ ಪ್ರೋಟೀನ್. ಒಂದು ಲೋಟ ಹಾಲಿಗೆ ಎರಡು ಚಮಚ ಹಾಲಿನ ಪುಡಿ, 11 ಗ್ರಾಂ. ತಿಳಿಸಾರಿನ ಜಾಗದಲ್ಲಿ ಒಂದು ಬಟ್ಟಲು ಗಟ್ಟಿ ತೊವ್ವೆ, ಮೇಲೆ ಎರಡು ಚಮಚ ತುಪ್ಪ, 7 ಗ್ರಾಂ. ಸಂಜೆಗೆ ಒಂದು ಕಡಲೆಕಾಯಿ ಉಂಡೆ, ಇನ್ನೊಂದು 7 ಗ್ರಾಂ. ಮೊದಲಿನ 15ರ ಜೊತೆ ಸೇರಿ 52 ಗ್ರಾಂ ಆಯಿತು, ಕ್ಯಾಲೊರಿ 1,300 ದಾಟಿತು. ಮೊಟ್ಟೆ ಮುಟ್ಟದವರಿಗೆ ಒಂದು ಬಟ್ಟಲು ಗಟ್ಟಿ ಮೊಸರು, ಎರಡು ಮೂರು ಚಮಚ ಹುರಿಗಡಲೆ ಪುಡಿ ಅದೇ ಕೆಲಸ ಮಾಡುತ್ತವೆ. ದುಬಾರಿ ಡಬ್ಬಿ ಪುಡಿ ಕೊಳ್ಳುವ ಮೊದಲು ಇದನ್ನು ನೋಡಿ. ಡಬ್ಬಿ ಬೇಡವೇ ಬೇಡ ಅನ್ನುತ್ತಿಲ್ಲ, ಅಗಿಯಲು ಆಗದವರಿಗೆ ಅದು ಬೇಕಾಗುತ್ತದೆ. ಆದರೆ ಸಾಲ ಮಾಡಿ ಡಬ್ಬಿ ತಂದು, ದಿನಕ್ಕೆ ಒಂದೇ ಚಮಚ ಕಲಸಿ ಕೊಡುವವರನ್ನು ನೋಡಿ ಬೇಜಾರಾಗಿದೆ.

ಗಂಜಿಯ ಬಗ್ಗೆ ಎರಡು ಮಾತು. ರಾಗಿ ಗಂಜಿಗೆ ಹಿಟ್ಟು ಜಾಸ್ತಿ ಹಾಕಿದರೆ ಅಂಟಿನಂತೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ನೀರು ಜಾಸ್ತಿ ಮಾಡಿದರೆ ಬರೀ ನೀರು. ಇದಕ್ಕೆ ಮೊಳಕೆ ರಾಗಿ ಹಿಟ್ಟಿನಲ್ಲಿ ಪರಿಹಾರ ಇದೆ. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಗಟ್ಟಿಯಾಗಿ ಗಂಜಿ ಬೇಯಿಸಿ, ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿ. ಕೆಲವೇ ನಿಮಿಷದಲ್ಲಿ ಅದೇ ಗಂಜಿ ತೆಳ್ಳಗಾಗುತ್ತದೆ. ಮತ್ತೆ ಒಂದು ಕುದಿ ಬರಿಸಿ ಇಳಿಸಿ. ಕುಡಿಯಲು ಸುಲಭ, ಹಿಟ್ಟು ಅಷ್ಟೇ ಇದೆ.

ಪಥ್ಯದ ಜಗಳ ಪ್ರತಿ ದಿನದ್ದು. ಆಪರೇಷನ್ ಆದವರಿಗೆ ಮೊಸರು ಕೊಟ್ಟರೆ ಕೀವಾಗುತ್ತದೆ, ಬೇಳೆ ತಿಂದರೆ ನಂಜು, ಮೊಟ್ಟೆ ಉಷ್ಣ. ಹೀಗೆ ಒಂದೊಂದೇ ಕಳೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಬ್ರೆಡ್ಡು ಮತ್ತು ತಿಳಿಸಾರು. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ಅತ್ತೆ, ಅಜ್ಜಿಯ ಎದುರು ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. "ನೀವು ಮೊಸರು ಬೇಡ ಅಂದ್ರೆ ಬೇಡಮ್ಮ, ಆದ್ರೆ ಹಾಲು, ಹೆಸರುಬೇಳೆ ತೊವ್ವೆ ಆಗುತ್ತಲ್ವಾ?" ಎಂದು ಕೇಳಿ. ಒಂದು ಬಿಟ್ಟು ಇನ್ನೊಂದು ಒಪ್ಪುತ್ತಾರೆ.

ಲಿವರ್ ಕಾಯಿಲೆಯವರಿಗೆ ಪ್ರೋಟೀನ್ ನಿಲ್ಲಿಸುವ ಹಳೆಯ ಪದ್ಧತಿ ಈಗ ಇಲ್ಲ. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇರುವವರಿಗೂ ಕೆಜಿಗೆ 1.2ರಿಂದ 1.5 ಗ್ರಾಂ ಬೇಕು, ಜೊತೆಗೆ ಮಲಗುವ ಮುಂಚೆ ಏನಾದರೂ ತಿನ್ನಬೇಕು. ಕಿಡ್ನಿ ರೋಗಿಗಳ ಲೆಕ್ಕ ಬೇರೆ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ನೋಡಲು ಬಂದವರು ಪ್ರೀತಿಯಿಂದ ತರುವ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರಿಗೆ ಅದು ಅಪಾಯ.

ಹೆಜ್ಜೆ 6: ಊಟದ ಹೊತ್ತನ್ನು ಕಾಯಿರಿ

ತಿಂಡಿ ಬಂದ ಹೊತ್ತಿಗೇ ರೌಂಡ್ಸ್ ಶುರು. ಊಟ ಬಂದಾಗ ಸ್ಕ್ಯಾನಿಂಗಿಗೆ ಕರೆ. ವಾಪಸ್ ಬರುವಷ್ಟರಲ್ಲಿ ಅನ್ನ ತಣ್ಣಗೆ, ಇಲ್ಲವೇ ಗಾಡಿಯೇ ಹೋಗಿರುತ್ತದೆ. ಊಟದ ಆ ಮುಕ್ಕಾಲು ಗಂಟೆ ತುರ್ತಿಲ್ಲದ ಕೆಲಸ ಬೇಡ ಎಂದು ವಾರ್ಡಿನಲ್ಲಿ ಒಪ್ಪಂದ ಮಾಡಿಕೊಳ್ಳಿ. ಸ್ಕ್ಯಾನಿಂಗಿಗೆ ಹೋದವರ ತಟ್ಟೆ ಮುಚ್ಚಿಡಲು ಒಬ್ಬರಿಗೆ ವಹಿಸಿ. ಕೈ ನಡುಗುವವರು, ಕಣ್ಣು ಮಂಜಾದವರು, ಜೊತೆಗೆ ಯಾರೂ ಇಲ್ಲದವರು ಯಾವ ಹಾಸಿಗೆಯಲ್ಲಿದ್ದಾರೆ ಎಂದು ಗುರುತು ಹಾಕಿ, ಮಂಚಕ್ಕೆ ಕೆಂಪು ರಿಬ್ಬನ್ ಕಟ್ಟಿದರೂ ಸಾಕು. ತಿನ್ನಿಸುವಾಗ ರೋಗಿ ಎದ್ದು ಕೂತಿರಬೇಕು. ಕೆಮ್ಮು ಬಂದರೆ, ನುಂಗಿದ ಮೇಲೆ ದನಿ ಗೊರಗೊರ ಅಂದರೆ ನಿಲ್ಲಿಸಿ. ಪಾರ್ಶ್ವವಾಯು ಆದವರಿಗೆ ನುಂಗುವ ಪರೀಕ್ಷೆ ಆಗುವವರೆಗೆ ಒಂದು ಚಮಚ ನೀರೂ ಬೇಡ. ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದಿದ್ದರೆ ಇವತ್ತೇ ತರಿಸಿ. ತಮಾಷೆ ಅನ್ನಿಸಬಹುದು, ಎಷ್ಟೋ ಜನ ಊಟ ಬಿಡುವ ಕಾರಣ ಇಷ್ಟೇ.

ಆಪರೇಷನ್‌ಗೆ ಮುಂಚಿನ ಉಪವಾಸದ ಲೆಕ್ಕವನ್ನೂ ಕೇಳಿ. ರಾತ್ರಿ ಹತ್ತಕ್ಕೆ ಊಟ ನಿಲ್ಲಿಸಿ, ಮಧ್ಯಾಹ್ನ ಮೂರಕ್ಕೆ ಆಪರೇಷನ್ ಆಗುವುದು, ಕೆಲವೊಮ್ಮೆ ಮರುದಿನಕ್ಕೆ ಹೋಗುವುದು, ಎಲ್ಲರೂ ನೋಡಿದ್ದೇ. ಕರುಳಿನ ತಡೆಯಂಥ ತೊಂದರೆ ಇಲ್ಲದವರಿಗೆ ಹಗುರ ಆಹಾರ ಆರು ಗಂಟೆ ಮುಂಚಿನವರೆಗೆ, ನೀರಿನಂಥ ತಿಳಿ ಪಾನೀಯ ಎರಡು ಗಂಟೆ ಮುಂಚಿನವರೆಗೆ ನಡೆಯುತ್ತದೆ. ಹಾಲು ತಿಳಿ ಪಾನೀಯದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ರೋಗಿಗೆ ಇದು ಸರಿಯಾ ಎಂದು ಅರಿವಳಿಕೆ ಡಾಕ್ಟರನ್ನೇ ಕೇಳಿ. ಆಪರೇಷನ್ ಮುಂದಕ್ಕೆ ಹೋಯಿತು ಅಂದ ಕ್ಷಣ ಊಟ ತರಿಸಿ.

ಹೆಜ್ಜೆ 7: ಉಳಿದದ್ದನ್ನು ಬರೆಯಿರಿ

ಹಾಸಿಗೆಯ ತುದಿಗೆ ಒಂದು ಹಾಳೆ. ಅದರಲ್ಲಿ ಎಷ್ಟು ತಿಂದರು ಎಂದು ತೋರಿಸುವ ನಾಲ್ಕು ವೃತ್ತ: ಪೂರ್ತಿ, ಅರ್ಧ, ಕಾಲು, ಏನೂ ಇಲ್ಲ. ತಟ್ಟೆ ಎತ್ತುವ ಆಯಾ ಒಂದಕ್ಕೆ ಟಿಕ್ ಹಾಕಿದರೆ ಆಯಿತು, ಓದು ಬರಹವೂ ಬೇಕಿಲ್ಲ. ಎರಡು ದಿನ ಅರ್ಧ ದಾಟದಿದ್ದರೆ ರೌಂಡ್ಸಿನಲ್ಲಿ ಆ ಹಾಳೆ ಎತ್ತಿ ತೋರಿಸಿ. ವಾರಕ್ಕೊಮ್ಮೆ ತೂಕ, ಅದೇ ಯಂತ್ರ, ಅದೇ ಹೊತ್ತು.

ಹೆಜ್ಜೆ 8: ಬಾಯಲ್ಲಿ ಸಾಲದಿದ್ದರೆ ಟ್ಯೂಬ್

ಎಷ್ಟೇ ಮಾಡಿದರೂ ಕೆಲವರಿಗೆ ಬಾಯಲ್ಲಿ ಸಾಕಾಗುವಷ್ಟು ಹೋಗುವುದಿಲ್ಲ. ಕರುಳು ಕೆಲಸ ಮಾಡುತ್ತಿದ್ದರೆ ಮೂಗಿನ ಟ್ಯೂಬ್ ಹಾಕಿಸುವುದು ಮುಂದಿನ ದಾರಿ. ಮನೆಯವರಿಗೆ ಟ್ಯೂಬ್ ಅಂದರೆ ಕೊನೆಗಾಲ ಎಂಬ ಭಯ. ತಾತ್ಕಾಲಿಕ ಎಂದು ಮೊದಲೇ ಹೇಳಿ. ಟ್ಯೂಬ್ ಹೊಟ್ಟೆಯಲ್ಲೇ ಇದೆ ಎಂದು ಎಕ್ಸ್‌ರೇ ಅಥವಾ ಹೊಟ್ಟೆಯ ಆಮ್ಲ ತೋರಿಸುವ ಪಿಎಚ್ ಕಾಗದದಿಂದ ಖಚಿತಪಡಿಸಿಕೊಳ್ಳಬೇಕು. ಗಾಳಿ ಹಾಕಿ ಸದ್ದು ಕೇಳುವುದನ್ನು ನಂಬುವಂತಿಲ್ಲ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರ ಇರಲಿ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಪ್ರತಿ ಸಲ ಮೊದಲು, ಆಮೇಲೆ ಸುಮಾರು 30 ಮಿಲಿ ಕುದಿಸಿ ಆರಿಸಿದ ನೀರು. ಮನೆಯಲ್ಲಿ ರುಬ್ಬಿ ಸೋಸಿದ ಆಹಾರವನ್ನು ಆಗಾಗ್ಗೆ ತಾಜಾ ಮಾಡಿ, ಬೆಳಿಗ್ಗೆ ಮಾಡಿದ್ದು ಸಂಜೆಗೆ ಬೇಡ.

ಹೆಜ್ಜೆ 9: ವಾರ್ಡಿನ ಲೆಕ್ಕ

ಇಡೀ ಆಸ್ಪತ್ರೆಯನ್ನು ಬದಲಿಸಲು ಹೊರಡಬೇಡಿ, ಒಂದು ವಾರ್ಡು ಸಾಕು. ಪ್ರತಿ ಸೋಮವಾರ ಹತ್ತು ಕೇಸ್ ಶೀಟ್ ತೆಗೆಯಿರಿ. 24 ಗಂಟೆಯೊಳಗೆ ತೂಕ ಬರೆದದ್ದು ಎಷ್ಟರಲ್ಲಿ? ಅಂಕ ಹಾಕಿದ್ದು ಎಷ್ಟರಲ್ಲಿ? 2 ಬಂದವರನ್ನು ಡಯಟಿಷಿಯನ್ ನೋಡಿದ್ದಾರಾ? ಮೂರೇ ಸಂಖ್ಯೆ. ಸಿಸ್ಟರ್ ಮೇಜಿನ ಹಿಂದಿನ ಗೋಡೆಗೆ ಅಂಟಿಸಿ. ಬೈಯುವ ಅಗತ್ಯವೇ ಬೀಳುವುದಿಲ್ಲ. ಹತ್ತರಲ್ಲಿ ಎರಡು ಎಂದು ಗೋಡೆ ಮೇಲೆ ನೋಡಿದ ಮೇಲೆ ಯಾರೋ ಒಬ್ಬರು ತೂಕದ ಯಂತ್ರಕ್ಕೆ ಹೊಸ ಬ್ಯಾಟರಿ ತರುತ್ತಾರೆ.

ಹೆಜ್ಜೆ 10: ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದ ಇರುತ್ತದೆ, ಊಟಕ್ಕೆ "ಪೌಷ್ಟಿಕ ಆಹಾರ ಸೇವಿಸಿ" ಎಂಬ ಒಂದೇ ಸಾಲು. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸೇರಿದಾಗ ಇದ್ದ ತೂಕ, ಹೋಗುವಾಗಿನ ತೂಕ, ದಿನಕ್ಕೆ ಎಷ್ಟು ಮೊಟ್ಟೆ, ಎಷ್ಟು ಲೋಟ ಹಾಲು, ಎಷ್ಟು ತೊವ್ವೆ, ಕನ್ನಡದಲ್ಲಿ ಬರೆದು ಕೊಡಿ. ಮನೆಯಲ್ಲಿ ಏನು ಸಿಗುತ್ತದೆ, ಯಾರು ಅಡುಗೆ ಮಾಡುತ್ತಾರೆ ಎಂದು ಕೇಳಿಯೇ ಬರೆಯಬೇಕು.

ಕ್ಷಯ ರೋಗಿಗಳ ವಿಷಯದಲ್ಲಿ ಇದು ಎಷ್ಟು ಮುಖ್ಯ ಎಂದು ತೋರಿಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ತಂಡ. ಜಾರ್ಖಂಡದಲ್ಲಿ 2,800 ರೋಗಿಗಳಿಗೆ ಚಿಕಿತ್ಸೆಯ ಜೊತೆ ತಿಂಗಳಿಗೆ 10 ಕೆಜಿ ದಿನಸಿ ಕೊಟ್ಟರು. ಅಕ್ಕಿ, 'ಸತ್ತು' ಎಂಬ ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. 2023ರಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಮನೆಯವರಿಗೂ ದಿನಸಿ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಕ್ಷಯ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿದೆ. ರೋಗಿ ವಾರ್ಡಿನಲ್ಲಿ ಇರುವಾಗಲೇ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಎಂದು ನೋಡಿ. ಮನೆಗೆ ಹೋದ ಮೇಲೆ ಅದಕ್ಕಾಗಿ ಇನ್ನೊಂದು ದಿನದ ಕೂಲಿ ಬಿಟ್ಟು ಬರುವುದು ಕಷ್ಟ.

ಮತ್ತೆ ತೋರಿಸಲು ಬರುವ ದಿನ ಓಪಿಡಿಯಲ್ಲಿ ಡಾಕ್ಟರ ಕೋಣೆಗೆ ಹೋಗುವ ಮೊದಲೇ ತೂಕ ನೋಡುವ ವ್ಯವಸ್ಥೆ ಮಾಡಿ. ಆ ಸಂಖ್ಯೆಯನ್ನು ಚೀಟಿಯ ಮೇಲ್ಭಾಗದಲ್ಲಿ, ಬಿಪಿಯ ಪಕ್ಕದಲ್ಲೇ ಬರೆಯಿರಿ. 41 ಇದ್ದದ್ದು 42 ಆಗಿದ್ದರೆ ರೋಗಿಗೂ ಹೇಳಿ. ಮುಂದಿನ ಸಲ "ಈಗೆಷ್ಟಮ್ಮ?" ಎಂದು ಅವರೇ ಮೊದಲು ಕೇಳುತ್ತಾರೆ.